ಆದಾಯದ ಗೆರೆಯಾಚೆ ಉಳಿದ ಮನೆಗಳು: ಪಣಂಬೂರಿನ ಹೆತ್ತವರಿಗೆ ಕಾಲೇಜು ಶುಲ್ಕದ ಕುರಿತು ಒಂದು ಕೈಪಿಡಿ

ಪಣಂಬೂರು ಪರಿಸರದ ಧರ್ಮಕೇಂದ್ರಗಳಲ್ಲಿ ಎರಡನೇ ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ಗುರುಗಳ ಬಳಿಗೆ ಬರುವ ಹೆತ್ತವರಲ್ಲಿ ಎರಡು ಬಗೆಯವರಿರುತ್ತಾರೆ. ತೀರಾ ಬಡವರು ನೇರವಾಗಿ ಸಹಾಯ ಕೇಳುತ್ತಾರೆ. ಅವರಿಗಾಗಿ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇದೆ, ಸರಕಾರದ ಯೋಜನೆಗಳಿವೆ, ದಾನಿಗಳಿದ್ದಾರೆ. ಎರಡನೆಯವರು ಸಹಾಯ ಕೇಳುವುದಿಲ್ಲ. ಮಗನಿಗೆ ಅಥವಾ ಮಗಳಿಗೆ ಸೀಟು ಸಿಕ್ಕಿದೆ, ಪ್ರಾರ್ಥನೆ ಮಾಡಿ ಎಂದಷ್ಟೇ ಹೇಳಿ ಹೋಗುತ್ತಾರೆ. ಮನೆಯಲ್ಲಿ ಒಬ್ಬರಿಗೆ ಬಂದರಿನಲ್ಲೋ ಕಾರ್ಖಾನೆಯಲ್ಲೋ ಕೆಲಸ, ಸ್ವಂತ ಮನೆ, ಒಂದು ಸ್ಕೂಟರ್. ಇವರನ್ನು ಬಡವರೆನ್ನಲು ಯಾವ ಅರ್ಜಿಯೂ ಒಪ್ಪುವುದಿಲ್ಲ. ಆದರೆ ನಾಲ್ಕು ವರ್ಷದ ವೃತ್ತಿಶಿಕ್ಷಣದ ಶುಲ್ಕ ಕಟ್ಟುವಷ್ಟು ಉಳಿತಾಯವೂ ಇವರಲ್ಲಿಲ್ಲ. ಈ ಲೇಖನ ಈ ಎರಡನೆಯವರಿಗಾಗಿ ಮತ್ತು ಅವರ ನಡುವೆ ಸೇವೆ ಮಾಡುವ ಗುರ್ಕಾರರಿಗಾಗಿ.

ಊರಿನ ಹಿನ್ನೆಲೆ

ಪಣಂಬೂರು ಮೊದಲು ಮೀನುಗಾರರ ಮತ್ತು ಬೇಸಾಯಗಾರರ ಊರು. ಇಲ್ಲಿ ಕಟ್ಟಿದ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಬಂದರಿಗೆ ಭೂಮಿ ಬಿಟ್ಟುಕೊಟ್ಟ ಅನೇಕ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದವು. ನಂತರ ರಸಗೊಬ್ಬರ ಕಾರ್ಖಾನೆ ಬಂತು, ಕುದುರೆಮುಖ ಕಂಪೆನಿಯ ಪೆಲೆಟ್ ಸ್ಥಾವರ ಬಂತು. ಅದಕ್ಕೂ ಮೊದಲು, 1960ರಲ್ಲಿ, ಪಕ್ಕದ ಸುರತ್ಕಲ್‌ನಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. 2002ರಲ್ಲಿ ಅದು ಎನ್.ಐ.ಟಿ.ಕೆ. ಆಯಿತು. ಬಂದರು ಮತ್ತು ಕಾಲೇಜು ಎರಡರ ಹಿಂದೆಯೂ ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಶ್ರಮವಿತ್ತು.

ಹೀಗೆ ಭೂಮಿ ಕಳೆದುಕೊಂಡ ಊರು ಸಂಬಳದ ಊರಾಯಿತು. ಹಿಂದಿನವರು ಮಕ್ಕಳಿಗೆ ಗದ್ದೆ ಬಿಟ್ಟು ಹೋಗುತ್ತಿದ್ದರು, ಇಂದಿನವರು ಬಿಟ್ಟು ಹೋಗಬಹುದಾದದ್ದು ವಿದ್ಯೆಯೊಂದೇ. ಸಂಬಳವೂ ಶಾಶ್ವತವಲ್ಲ. 2005ರ ಕೊನೆಗೆ ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಾಗ ಕಂಪೆನಿಯ ಕೆಲಸವೆಂದರೆ ಜೀವಮಾನದ ಭದ್ರತೆ ಎಂಬ ನಂಬಿಕೆಗೆ ಪೆಟ್ಟು ಬಿತ್ತು.

ನೆರವು ಎಲ್ಲಿ ನಿಲ್ಲುತ್ತದೆ?

ಪ್ರತಿಯೊಂದು ಯೋಜನೆಗೂ ಆದಾಯದ ಒಂದು ಗೆರೆ ಇದೆ. 2007ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರಿಗಾಗಿ ರೂಪಿಸಿದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿಯನ್ನು 2 ಲಕ್ಷ ರೂ.ಗೆ, ವೃತ್ತಿಶಿಕ್ಷಣದ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ ರೂ.ಗೆ ನಿಗದಿಪಡಿಸಲಾಗಿತ್ತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಸಾಧಾರಣ ಮನೆಯೂ ಈ ಗೆರೆಯನ್ನು ದಾಟಿಬಿಡುತ್ತದೆ.

ಗೆರೆಯ ಪರಿಣಾಮ ಎಷ್ಟು ಕಠಿಣವೆಂಬುದಕ್ಕೆ ಎನ್.ಐ.ಟಿ.ಗಳ ಬಿ.ಟೆಕ್. ಬೋಧನಾ ಶುಲ್ಕವೇ ಉದಾಹರಣೆ. 2016ರಲ್ಲಿ ಅದು ವರ್ಷಕ್ಕೆ 70,000 ರೂ.ನಿಂದ 1,25,000 ರೂ.ಗೆ ಏರಿತು. ಕುಟುಂಬದ ಆದಾಯ 1 ಲಕ್ಷದ ಒಳಗಿದ್ದರೆ ಪೂರ್ತಿ ವಿನಾಯಿತಿ, 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರನೆಯ ಎರಡು ಭಾಗ ವಿನಾಯಿತಿ, 5 ಲಕ್ಷ ದಾಟಿದರೆ ಏನೂ ಇಲ್ಲ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 4,90,000 ರೂ. ಆದಾಯದ ಮನೆ ನಾಲ್ಕು ವರ್ಷಕ್ಕೆ ಸುಮಾರು 1,67,000 ರೂ. ಬೋಧನಾ ಶುಲ್ಕ ಕಟ್ಟಿದರೆ, 5,10,000 ರೂ. ಆದಾಯದ ಮನೆ 5,00,000 ರೂ. ಕಟ್ಟಬೇಕು. ಆದಾಯದ ವ್ಯತ್ಯಾಸ ವರ್ಷಕ್ಕೆ 20,000 ರೂ., ಶುಲ್ಕದ ವ್ಯತ್ಯಾಸ ನಾಲ್ಕು ವರ್ಷಕ್ಕೆ 3,33,000 ರೂ. ಹಾಸ್ಟೆಲು, ಊಟ, ಪುಸ್ತಕಗಳ ಖರ್ಚು ಬೇರೆ. ಸಂಬಳದಲ್ಲಿ ಒಂದು ಸಣ್ಣ ಏರಿಕೆ ಬಂದದ್ದೇ ಮನೆಗೆ ಭಾರವಾಗುವ ಪರಿಸ್ಥಿತಿ ಇದು.

ಖಾಸಗಿ ಕಾಲೇಜುಗಳದು ಇನ್ನೊಂದು ಲೆಕ್ಕ. 1984ರ ಕರ್ನಾಟಕ ಕಾಯಿದೆ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅನುದಾನರಹಿತ ಸಂಸ್ಥೆಗಳಿಗೆ ತಮ್ಮ ಶುಲ್ಕ ತಾವೇ ನಿಗದಿಪಡಿಸುವ ಸ್ವಾತಂತ್ರ್ಯ ನೀಡಿತು, ಲಾಭಕೋರತನಕ್ಕೆ ಅವಕಾಶವಿಲ್ಲವೆಂದೂ ಹೇಳಿತು. ಇಂದು ಒಂದೇ ತರಗತಿಯಲ್ಲಿ ಸರಕಾರಿ ಕೋಟಾ, ಕಾಮೆಡ್-ಕೆ, ಆಡಳಿತ ಮಂಡಳಿಯ ಕೋಟಾ ಎಂದು ಬೇರೆ ಬೇರೆ ಶುಲ್ಕ ಕಟ್ಟಿದ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ರ‍್ಯಾಂಕು ಸ್ವಲ್ಪ ಕೆಳಗಿಳಿದರೆ ಶುಲ್ಕ ಹಲವು ಪಟ್ಟು ಮೇಲೇರುತ್ತದೆ.

ಮಧ್ಯಮ ಆದಾಯದವರಿಗೆ ಇರುವ ದಾರಿಗಳು

1. ಸೂಪರ್ ನ್ಯೂಮರರಿ ಕೋಟಾ. ತಾಂತ್ರಿಕ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮನ್ನಾ. ಆದಾಯದ ಮಿತಿ 8 ಲಕ್ಷ ರೂ. ಆಯ್ಕೆ ಸಿ.ಇ.ಟಿ. ರ‍್ಯಾಂಕಿನ ಮೇಲೆ. ಅರ್ಜಿ ತುಂಬುವಾಗಲೇ ಈ ಕೋಟಾ ಬೇಕೆಂದು ಸೂಚಿಸಬೇಕು. ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು.

2. ಅರಿವು ಸಾಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ಸಿ.ಇ.ಟಿ. ಅಥವಾ ನೀಟ್ ಮೂಲಕ ಸೀಟು ಪಡೆದವರಿಗೆ ಶೇ. 2ರ ಸೇವಾ ಶುಲ್ಕದಲ್ಲಿ ಕೊಡುವ ಸಾಲ. ಕ್ರೈಸ್ತರೂ ಅರ್ಹರು. ಈ ನಿಗಮ ಮುಸ್ಲಿಂ ಬಾಂಧವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯಿಂದ ನಮ್ಮಲ್ಲಿ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ.

3. ಕೇಂದ್ರ ವಲಯದ ವಿದ್ಯಾರ್ಥಿವೇತನ. ಹನ್ನೆರಡನೆಯ ತರಗತಿಯಲ್ಲಿ ಆಯಾ ಮಂಡಳಿಯ ಮೇಲ್ತುದಿಯ ಶೇ. 20ರೊಳಗೆ ಬಂದವರಿಗೆ ಪದವಿ ತರಗತಿಯಲ್ಲಿ ವರ್ಷಕ್ಕೆ 12,000 ರೂ. ಆದಾಯದ ಮಿತಿ 4.5 ಲಕ್ಷ ರೂ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ಇದು ದೊಡ್ಡ ಆಸರೆ.

4. ಬ್ಯಾಂಕಿನ ಶಿಕ್ಷಣ ಸಾಲ. 2015ರ ಖಾತರಿ ನಿಧಿ ಯೋಜನೆಯ ಅಡಿಯಲ್ಲಿ 7.5 ಲಕ್ಷ ರೂ. ತನಕ ಅಡವಾಗಲೀ ಮೂರನೆಯವರ ಜಾಮೀನಾಗಲೀ ಬೇಕಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು. ಮನೆಯ ಪತ್ರ ತನ್ನಿ ಎಂದು ಯಾರಾದರೂ ಹೇಳಿದರೆ, ಸಾಲ ಈ ಯೋಜನೆಯಡಿ ಬರುತ್ತದೆಯೇ ಎಂದು ವಿನಯದಿಂದ ಕೇಳಿ.

5. ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡವಿಲ್ಲದ ಸಾಲ. ಆದಾಯ 8 ಲಕ್ಷದ ಒಳಗಿದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ, ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ. ಸೀಟು ಒಪ್ಪುವ ಮೊದಲು ಆ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಇನ್ನೊಂದು ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಅನ್ವಯಿಸುವ 3ಬಿ ಪ್ರಮಾಣಪತ್ರ ರಾಜ್ಯದ ಸೀಟು ಹಂಚಿಕೆಗೆ ನೆರವಾಗುತ್ತದೆ. ಅದರಿಂದ ಶುಲ್ಕ ತಾನಾಗಿ ಕಡಿಮೆಯಾಗುವುದಿಲ್ಲ. ಸೀಟಿನ ಮೀಸಲಾತಿ ಬೇರೆ, ಶುಲ್ಕದ ನೆರವು ಬೇರೆ.

ಸಾಲದ ಲೆಕ್ಕ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಸಾಮತಿಯ ಮೂಲಕ ಬೋಧಿಸಿದ್ದಾರೆ (ಲೂಕ 14:28). ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದರೆ, ಬಡ್ಡಿ ಶೇ. 10 ಎಂದಿಟ್ಟುಕೊಂಡರೆ, ಓದು ಮುಗಿದು ಒಂದು ವರ್ಷ ಕಳೆದು ಕಂತು ಆರಂಭವಾಗುವ ಹೊತ್ತಿಗೆ ಸರಳ ಬಡ್ಡಿಯೇ 1,40,000 ರೂ. ಆಗಿರುತ್ತದೆ. ಆಗ 5,40,000 ರೂ.ಗೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 7,140 ರೂ. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ಅಸಲು 4 ಲಕ್ಷದಲ್ಲೇ ನಿಂತು ಕಂತು ಸುಮಾರು 5,290 ರೂ. ಆಗುತ್ತದೆ. ಮೊದಲ ವರ್ಷದ ಬಡ್ಡಿ ತಿಂಗಳಿಗೆ ಸುಮಾರು 830 ರೂ. ಮಾತ್ರ. ಸಾಧ್ಯವಿರುವವರು ಅದನ್ನು ಆಗಾಗಲೇ ಕಟ್ಟುವುದು ಜಾಣತನ.

ಆದರೆ ಲೆಕ್ಕದಲ್ಲಿ ಕಾಣದ ಬೆಲೆಯೂ ಇದೆ. ಒಬ್ಬ ಮಗನಿಗಾಗಿ ಐದು ಸೆಂಟ್ಸ್ ಜಾಗ ಅಡವಿಟ್ಟ ಮನೆಯಲ್ಲಿ ಎರಡನೆಯವಳು, ಅಂಕ ಹೆಚ್ಚಿದ್ದರೂ, ತನಗೆ ಇಷ್ಟವಿಲ್ಲದ ಕೋರ್ಸಿಗೆ ಹತ್ತಿರದ ಕಾಲೇಜನ್ನು ಸೇರುತ್ತಾಳೆ. ತನ್ನ ಸರದಿ ಬರುವ ಹೊತ್ತಿಗೆ ಹಣ ಮುಗಿದಿರುತ್ತದೆಂದು ಅವಳಿಗೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಮೊದಲ ಮಗುವಿನ ಕೋರ್ಸು ನಿರ್ಧರಿಸುವಾಗಲೇ ಎಲ್ಲ ಮಕ್ಕಳ ಲೆಕ್ಕವನ್ನೂ ಒಟ್ಟಿಗೆ ಹಾಕಬೇಕೆಂದು ನಾವು ಹೆತ್ತವರನ್ನು ಕೇಳಿಕೊಳ್ಳುತ್ತೇವೆ.

ಧರ್ಮಸಭೆಯ ಹೊಣೆ

ನಮ್ಮ ಹಿರಿಯರಿಗೆ ಈ ಕಷ್ಟ ಹೊಸದಾಗಿರಲಿಲ್ಲ. 1912ರಲ್ಲಿ ಮಂಗಳೂರಿನ ಕಥೊಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಕೈಯೊಡ್ಡುವುದಕ್ಕೂ ಬಡ್ಡಿ ವ್ಯಾಪಾರಿಯ ಬಾಗಿಲು ತಟ್ಟುವುದಕ್ಕೂ ನಡುವೆ ಮೂರನೆಯ ದಾರಿಯಿದೆ ಎಂದು ಅವರು ತೋರಿಸಿಕೊಟ್ಟರು. ಆ ದಾರಿಯನ್ನು ಇಂದು ಧರ್ಮಕೇಂದ್ರದ ಮಟ್ಟದಲ್ಲಿ ತೆರೆಯಬಹುದು.

ಒಂದು ಧರ್ಮಕೇಂದ್ರದ ನೂರು ಮನೆಗಳು ತಿಂಗಳಿಗೆ 200 ರೂ. ಕೊಟ್ಟರೆ ವರ್ಷಕ್ಕೆ 2,40,000 ರೂ. ಆಗುತ್ತದೆ. ಮೇಲೆ ಹೇಳಿದ ಸಾಲದ ಬಡ್ಡಿಯನ್ನು ಕಂತು ಆರಂಭವಾಗುವ ತನಕ ಈ ನಿಧಿಯಿಂದ ಬ್ಯಾಂಕಿಗೆ ಕಟ್ಟಿದರೆ ಒಬ್ಬ ವಿದ್ಯಾರ್ಥಿಗೆ ತಗಲುವುದು ಐದು ವರ್ಷಕ್ಕೆ 1,40,000 ರೂ. ವರ್ಷಕ್ಕೊಬ್ಬರನ್ನು, ಹಣ ನೋಡಿಕೊಂಡು ಕೆಲವು ವರ್ಷ ಇಬ್ಬರನ್ನು, ಸೇರಿಸಿಕೊಳ್ಳಬಹುದು. ಕೆಲಸ ಸಿಕ್ಕ ಮೇಲೆ ವಿದ್ಯಾರ್ಥಿ ಅಷ್ಟೇ ಮೊತ್ತವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಿದರೆ ಮುಂದಿನವರಿಗೆ ದಾರಿಯಾಗುತ್ತದೆ. ಆರಂಭಿಸುವ ಮೊದಲು ಪಾಲನಾ ಮಂಡಳಿಯ ಮತ್ತು ಧರ್ಮಪ್ರಾಂತ್ಯದ ಒಪ್ಪಿಗೆ ಬೇಕು, ಲೆಕ್ಕಪತ್ರ ಬೇರೆಯಾಗಿರಬೇಕು. ಫಲಾನುಭವಿಯ ಹೆಸರನ್ನು ಪೀಠದಿಂದ ಓದಬಾರದು, ಚೆಕ್ ಹಸ್ತಾಂತರದ ಫೋಟೋ ಬೇಡ. ಮಧ್ಯಮ ವರ್ಗದ ಮನೆ ಸಹಾಯ ಕೇಳದಿರಲು ಮುಖ್ಯ ಕಾರಣ ನಾಚಿಕೆ ಎಂಬುದನ್ನು ಮರೆಯಬಾರದು.

ನಮ್ಮ ವಿದ್ಯಾಸಂಸ್ಥೆಗಳಿಗೂ ಒಂದು ವಿನಂತಿ. 2007ರ ಅಖಿಲ ಭಾರತ ಕಥೊಲಿಕ್ ಶಿಕ್ಷಣ ನೀತಿಯು ಬಡ ಮತ್ತು ಅಂಚಿಗೆ ತಳ್ಳಲ್ಪಟ್ಟ ಮಕ್ಕಳಿಗೆ ಆದ್ಯತೆ ಕೊಟ್ಟಿದೆ. ಅದು ಸರಿಯಾದುದೇ, ಅವರ ಪಾಲಿನಿಂದ ಒಂದು ರೂಪಾಯಿಯನ್ನೂ ತೆಗೆಯಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮೊದಲ ವರ್ಷದ ಶುಲ್ಕವನ್ನಷ್ಟೇ ತಿಳಿಸದೆ, ಕೋರ್ಸು ಮುಗಿಯುವ ತನಕದ ಒಟ್ಟು ಖರ್ಚನ್ನು ಪ್ರವೇಶದ ದಿನವೇ ಬರೆದು ಕೊಡಬಹುದು. ದಂಡವಿಲ್ಲದೆ ತಿಂಗಳ ಕಂತುಗಳಲ್ಲಿ ಕಟ್ಟಲು ಬಿಡಬಹುದು. ಇವೆರಡಕ್ಕೂ ದೊಡ್ಡ ಹಣ ಬೇಕಿಲ್ಲ.

ಯಾವಾಗ ಏನು ಮಾಡಬೇಕು?

ಮೊದಲ ಪಿ.ಯು.ಸಿ.ಯಲ್ಲೇ ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಡಿ'ಸೋಜ, ಡಿಸೋಜ, ಡಿ ಸೋಜ ಎಂದು ಮೂರು ಕಡೆ ಮೂರು ತರಹ ಇದ್ದರೆ ಅರ್ಜಿ ತಡೆಯಬಹುದು. ಎರಡನೇ ಪಿ.ಯು.ಸಿ. ಆರಂಭದಲ್ಲಿ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ. ಸಿ.ಇ.ಟಿ. ಅರ್ಜಿಯನ್ನು ತಿಳಿದವರ ಎದುರು ಕುಳಿತು ತುಂಬಿ. ಸೀಟು ಒಪ್ಪುವ ಮೊದಲು ಬ್ಯಾಂಕಿನವರೊಂದಿಗೆ ಮಾತನಾಡಿ. ಯೋಜನೆಗಳ ಮಿತಿ, ಮೊತ್ತ, ಕೊನೆಯ ದಿನಾಂಕ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನಂಬಿ.

ಗುರ್ಕಾರರು ತಮ್ಮ ವಾಳೆಯಲ್ಲಿ ಪಿ.ಯು.ಸಿ. ಓದುತ್ತಿರುವ ಮಕ್ಕಳ ಪಟ್ಟಿಯನ್ನು ಈ ತಿಂಗಳೇ ಮಾಡಲಿ. ಕೇಳಿ ಬಂದವರಿಗೆ ನೆರವಾಗುವುದು ನಮಗೆ ರೂಢಿಯಾಗಿದೆ. ಕೇಳದೆ ಹಿಂದಿರುಗಿದವರ ಮನೆಗೆ ನಾವೇ ಹೋಗುವುದು ಈಗ ಆಗಬೇಕಾದ ಕೆಲಸ.