ಹಳೆಯ ಫೋಟೋದ ಸಿಪಾಯಿ ಯಾವ ಪಡೆಯವನು?

ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನದ ಗೋಡೆಯ ಮುಂದೆ ನಮ್ಮನ್ನು ನಿಲ್ಲಿಸಿ ಸಮಾಜ ವಿಜ್ಞಾನದ ಮೇಷ್ಟ್ರು, "ಮುಖ ನೋಡಬೇಡ್ರೋ, ಕೈಯಲ್ಲಿ ಏನಿದೆ ನೋಡಿ" ಎನ್ನುತ್ತಿದ್ದರು. ತ್ರಿಶೂಲ, ಡಮರು ಇದ್ದರೆ ಶಿವ; ಶಂಖ, ಚಕ್ರ ಇದ್ದರೆ ವಿಷ್ಣು. 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಆ ಗುಡಿಯಲ್ಲಿ ಕಲಿತ ಪಾಠ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಬೇರೊಂದು ಹವ್ಯಾಸದಲ್ಲಿ ಉಪಯೋಗಕ್ಕೆ ಬಂದಿದೆ. ಹಳೆಯ ಫೋಟೋಗಳಲ್ಲಿರುವ ಸೈನಿಕರು ಯಾವ ಪಡೆಯವರು, ಯಾವ ಕಾಲದವರು ಎಂದು ಪತ್ತೆ ಮಾಡುವ ಹವ್ಯಾಸ ಅದು.

ಇದನ್ನು ಕಲಿಯಲು ಜರ್ಮನ್ ಫೋಟೋಗಳು ಒಳ್ಳೆಯವು. ಮೊದಲ ಮಹಾಯುದ್ಧದ ಆರಂಭದಲ್ಲಿ ಜರ್ಮನ್ ಸಿಪಾಯಿಯ ಮೊನೆಯುಳ್ಳ ಶಿರಸ್ತ್ರಾಣದ ಬಟ್ಟೆಯ ಮೇಲೆ ರೆಜಿಮೆಂಟಿನ ಸಂಖ್ಯೆಯೇ ಇರುತ್ತಿತ್ತು. ಉಕ್ಕಿನ ಹೆಲ್ಮೆಟ್ ಕಂಡರೆ ಫೋಟೋ 1916ರದ್ದು ಅಥವಾ ಆಮೇಲಿನದು. ಕೋವಿಯೂ ಮಾತಾಡುತ್ತದೆ. ಜರ್ಮನರ ಮೌಸರ್ 98ರಲ್ಲಿ ನಳಿಕೆಯ ತುದಿ ಮರದಿಂದಾಚೆ ಚಾಚಿರುತ್ತದೆ. ಐದು ತೋಟಾ ಹಿಡಿಯುವ ಮ್ಯಾಗಜೀನ್ ಮರದೊಳಗೆ ಅಡಗಿರುತ್ತದೆ. ಬ್ರಿಟಿಷರ ಗಿಡ್ಡ ಲೀ-ಎನ್‌ಫೀಲ್ಡ್‌ನಲ್ಲಿ ಮರ ಹೆಚ್ಚುಕಡಿಮೆ ನಳಿಕೆಯ ಬಾಯಿಯ ತನಕ ಬಂದು ಮೊಂಡಾಗಿ ನಿಲ್ಲುತ್ತದೆ. ಹತ್ತು ತೋಟಾಗಳ ಪೆಟ್ಟಿಗೆ ಟ್ರಿಗರ್ ಮುಂದೆ ಕೆಳಗಿಳಿದಿರುತ್ತದೆ. ಫೋಟೋ ಎಷ್ಟೇ ಮಸುಕಾಗಿದ್ದರೂ ಈ ಎರಡು ಗುರುತು ಸಾಮಾನ್ಯವಾಗಿ ಉಳಿದಿರುತ್ತವೆ.

ಕೆಲವು ವರ್ಷಗಳ ಹಿಂದೆ ಬಸರಾಳಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಂಟರ ಮನೆಯ ನಡುಮನೆಯಲ್ಲಿ ಒಂದು ಫೋಟೋ ಕಂಡೆ. ಕೋವಿ ಹಿಡಿದು ನಿಂತ ಯುವಕ. ಚೌಕಟ್ಟಿನ ಕೆಳಗೆ "ಹೈಫಾ ವೀರ" ಎಂದು ಹೊಸದಾಗಿ ಅಂಟಿಸಿದ್ದರು.

ಹೈಫಾ ಎಂದರೆ ಮೈಸೂರಿನವರಿಗೆ ಹೆಮ್ಮೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆ ಏರಿ, ಈಟಿ ಹಿಡಿದು, ತುರ್ಕರ ಕೈಯಲ್ಲಿದ್ದ ಆ ಬಂದರನ್ನು ಗೆದ್ದರು. ಎದುರಿಗೆ ಮೆಷಿನ್‌ಗನ್ನು, ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಶತಮಾನೋತ್ಸವ ಬಂದಾಗ ಟಿ.ವಿ., ಪತ್ರಿಕೆಗಳಲ್ಲೆಲ್ಲ ಈ ಕಥೆ ಬಂತು. ಆ ಮನೆಯ ಮೊಮ್ಮಗ ಚೀಟಿ ಅಂಟಿಸಿದ್ದೂ ಆಗಲೇ.

ಆದರೆ ಫೋಟೋ ಬೇರೆ ಹೇಳುತ್ತಿತ್ತು. ಟೋಪಿಯ ಮೇಲೆ ಗಂಡಭೇರುಂಡ ಇತ್ತು, ಆದ್ದರಿಂದ ಮೈಸೂರು ಸಂಸ್ಥಾನದ ಸೈನಿಕನೇ ಸರಿ. ಕಾಲಲ್ಲಿ ಸವಾರರ ಬೂಟಿಲ್ಲ, ಹಿಮ್ಮಡಿಗೆ ಮುಳ್ಳಿಲ್ಲ, ಎದೆಗೆ ಅಡ್ಡವಾಗಿ ತೋಟಾಪಟ್ಟಿಯಿಲ್ಲ, ಎಂದರೆ ಕಾಲಾಳು. ಕೋವಿ ಗಿಡ್ಡ ಲೀ-ಎನ್‌ಫೀಲ್ಡ್. ಅದು ಎರಡೂ ಮಹಾಯುದ್ಧಗಳಲ್ಲಿ ಇತ್ತಾದ್ದರಿಂದ ಅದರಿಂದ ಕಾಲ ತಿಳಿಯದು. ಕಾಲ ಹೇಳಿದ್ದು ಎದೆಯ ಎರಡೂ ಪಕ್ಕದ ದೊಡ್ಡ ಕ್ಯಾನ್ವಾಸ್ ಚೀಲಗಳು. ಅವು ಬ್ರಿಟಿಷ್ ಸೇನೆಗೆ ಬಂದದ್ದೇ 1937ರ ಮಾದರಿಯಲ್ಲಿ. ಹೈಫಾ ಯುದ್ಧ ಮುಗಿದು ಆಗ ಹತ್ತೊಂಬತ್ತು ವರ್ಷವಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾದಾಗ ಅಲ್ಲಿದ್ದ ಸೈನಿಕರೆಲ್ಲ ಸೆರೆಯಾದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಆ ಸಿಪಾಯಿಯ ಮಗಳು. ಅವರನ್ನೇ ಕೇಳಿದೆ.

"ಕುದ್ರೆ ಎಲ್ಲಿ ಬಂತು ಮಗಾ? ನಮ್ಮಪ್ಪ ಸಿಂಗಾಪುರ್ದಾಗಿದ್ರು. ಮೂರು ವರ್ಸ ಕಾಗ್ದ ಬರ್ನಿಲ್ಲ. ಸತ್ತೋದ್ರು ಅಂತ ಊರೋರೆಲ್ಲ ಅಂದ್ರೂ ನಮ್ಮವ್ವ ಕುಂಕುಮ ಅಳಿಸ್ನಿಲ್ಲ. ಬಂದಾಗ ಬರೀ ಮೂಳೆ ಕಣಪ್ಪ. ತಟ್ಟೇಲಿ ಒಂದಗುಳು ಬುಟ್ರೂ ಬಯ್ಯೋರು."

"ಇದನ್ನೆಲ್ಲ ಯಾಕಜ್ಜಿ ಹೇಳಲಿಲ್ಲ?" ಎಂದು ಮೊಮ್ಮಗ ಕೇಳಿದ.

"ನೀವ್ಯಾವತ್ ಕೇಳುದ್ರಿ?"

ಆ ಹುಡುಗನಿಗೆ ಬೇಸರವಾಯಿತು, ಅದು ಸಹಜ. ಹೈಫಾಗೆ ಸ್ಮಾರಕವಿದೆ, ಅಂಚೆಚೀಟಿಯಿದೆ. ಸೆರೆಮನೆಯ ಮೂರೂವರೆ ವರ್ಷಕ್ಕೆ ನಮ್ಮ ಕಡೆ ಒಂದು ಕಲ್ಲೂ ಕಂಡದ್ದಿಲ್ಲ. "ಹಂಗಾದ್ರೆ ಸೆರೆ ಸಿಕ್ಕಿದ್ರು ಅಂತ ಬರೀಬೇಕಾ ಅಣ್ಣ?" ಎಂದ. ಬರೆಯಬೇಕು ಎಂದೆ. ನನ್ನ ಲೆಕ್ಕದಲ್ಲಿ ಒಂದು ದಿನದ ಗೆಲುವಿಗಿಂತ ಆ ಮೂರೂವರೆ ವರ್ಷ ಬದುಕಿ ಬಂದದ್ದು ಚಿಕ್ಕದಲ್ಲ. ಅಜ್ಜಿ ಮಾತ್ರ ಅಕ್ಕಿಯಿಂದ ಕಣ್ಣೆತ್ತದೆ, "ಬರ್ಕೊಳ್ಲಿ ಬುಡು, ದಿಟ ತಾನೆ" ಎಂದರು.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ ಗಾಜಿಗೆ ಅಂಟಿಕೊಂಡದ್ದನ್ನು ಕೀಳಬೇಡಿ. ಹಾಗೆಯೇ ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆಯಿರಿ. ಟೋಪಿ, ಭುಜ, ಸೊಂಟ, ಕಾಲು, ಕೋವಿಯ ತುದಿ ಇವನ್ನು ಬೇರೆ ಬೇರೆಯಾಗಿ ಹತ್ತಿರದಿಂದ ತೆಗೆಯಿರಿ. ಹಿಂಬದಿಯ ರಟ್ಟು ತಾನಾಗಿ ಬಿಟ್ಟುಕೊಂಡಿದ್ದರೆ ಸ್ಟುಡಿಯೋ ಮುದ್ರೆ ಇದೆಯೇ ನೋಡಿ. ಅದಕ್ಕೂ ಮೊದಲು ಮನೆಯ ಅಜ್ಜಿಯನ್ನು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.