ಔಷಧ ಸಹಸ್ಫಟಿಕ: ಸ್ಫಟಿಕೀಕರಣ ವಿಧಾನ ಮತ್ತು ಮಾತ್ರೆಯ ಗಟ್ಟಿತನ
ಔಷಧದ ಅಣುವೂ ಜೊತೆಗಾರ ಅಣುವೂ ನಿಗದಿತ ಪ್ರಮಾಣದಲ್ಲಿ ಒಂದೇ ಜಾಲಕದಲ್ಲಿ ನೆಲೆಗೊಂಡ ಘನವಸ್ತುವೇ ಸಹಸ್ಫಟಿಕ. ಪ್ಯಾರಾಸಿಟಮಾಲ್‌ನ ಸಾಮಾನ್ಯ ರೂಪದಲ್ಲಿ ಅಣುಪದರಗಳು ಅಂಕುಡೊಂಕಾಗಿರುವುದರಿಂದ ಒತ್ತಿದಾಗ ಜಾರುವುದಿಲ್ಲ. ಹಾಗಾಗಿ ಮಾತ್ರೆಯ ಮೇಲ್ಭಾಗ ಕಳಚಿಬರುತ್ತದೆ. ಥಿಯೋಫಿಲಿನ್ ಅಥವಾ ಆಕ್ಸಾಲಿಕ್ ಆಮ್ಲದೊಡನೆ ಸಹಸ್ಫಟಿಕವಾದಾಗ ಪದರಗಳು ಸಮತಟ್ಟಾಗಿ, ಮಾತ್ರೆ ಚೆನ್ನಾಗಿ ಕೂಡುತ್ತದೆಂದು 2009ರ ಅಧ್ಯಯನವೊಂದು ತೋರಿಸಿತು. ಹಾಗಾದರೆ ಜಾಲಕವೇ ಎಲ್ಲವನ್ನೂ ನಿರ್ಧರಿಸುತ್ತದೆ, ತಯಾರಿಕೆಯ ವಿಧಾನ ಗೌಣ ಎಂಬ ಆಕ್ಷೇಪ ಬರಬಹುದು. ಅದು ಅರ್ಧಸತ್ಯ. ಒತ್ತಡಕ್ಕೆ ಮಣಿಯುವ ಗುಣ ಜಾಲಕದ್ದು. ಕಣಗಳು ಪರಸ್ಪರ ಅಂಟಲು ಬೇಕಾದ ಮೇಲ್ಮೈ ದೊರೆಯುವುದು ವಿಧಾನದಿಂದ. ನಿಧಾನವಾಗಿ ತಣಿಸಿದರೆ ದೊಡ್ಡ ಹರಳು, ದ್ರಾವಣವನ್ನು ತುಂತುರಾಗಿಸಿ ಒಣಗಿಸಿದರೆ ನುಣ್ಣನೆಯ ಪುಡಿ. ಪುಡಿ ಸಾಮಾನ್ಯವಾಗಿ ಬಿಗಿಯಾಗಿ ಅಂಟುತ್ತದೆ. ಆದರೆ ಯಂತ್ರದ ಅಚ್ಚಿಗೆ ಸರಾಗವಾಗಿ ಹರಿಯದೆ ಮಾತ್ರೆಗಳ ತೂಕ ಏರುಪೇರಾಗುತ್ತದೆ. ಆದ್ದರಿಂದ ಕಣದ ಗಾತ್ರ, ಆಕಾರಗಳನ್ನು ತಿಳಿಸದೆ ಎರಡು ಸಹಸ್ಫಟಿಕಗಳ ಮಾತ್ರೆಗಳ ಗಟ್ಟಿತನವನ್ನು ಹೋಲಿಸುವುದು ಸರಿಯಲ್ಲ.