ಹೆಸರಿಲ್ಲದ ತಾರೆಗಳ ಚರಿತ್ರೆ

ಕಂಪ್ಯೂಟರಿನ ಆಟಕ್ಕೂ ಒಂದು ಚರಿತ್ರೆಯೇ ಎಂದು ಓದುಗರು ನಕ್ಕಾರು. 1984ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಇಬ್ಬರೂ ‘ಎಲೀಟ್’ ಎಂಬ ವ್ಯೋಮಯಾನದ ಆಟವನ್ನು ಹೊರತಂದರು. ಯಂತ್ರದ ಸ್ಮೃತಿ 32 ಕಿಲೋಬೈಟು ಮಾತ್ರ, ನಕ್ಷೆಯನ್ನು ಇಡುವುದೆಲ್ಲಿ? ಒಂದು ಬೀಜಸಂಖ್ಯೆಯಿಂದ ಗಣಿತವೇ ಒಂದೊಂದು ಲೋಕವನ್ನೂ ಬೇಕೆಂದಾಗ ಹಡೆಯುತ್ತಿತ್ತು. ಕೋಟಿ ಕೋಟಿ ಗ್ಯಾಲಕ್ಸಿಗಳು ಸಾಧ್ಯವಿದ್ದರೂ ಪ್ರಕಾಶಕರು 8 ಸಾಕೆಂದರು. ಒಂದೊಂದರಲ್ಲಿ 256 ಲೋಕ.

2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ನಲ್ಲಿ ತಾರಾವ್ಯೂಹಗಳು ಸುಮಾರು 40,000 ಕೋಟಿ, ಹೆಚ್ಚಿನವನ್ನು ಇನ್ನೂ ಯಾರೂ ಕಂಡಿಲ್ಲ. ಮೊದಲು ಕಂಡವನ ಹೆಸರು ಅಲ್ಲಿ ನಿಲ್ಲುತ್ತದೆ, ನೌಕೆ ಉಳಿದು ಬಂದು ವಿವರವನ್ನು ಒಪ್ಪಿಸಿದರೆ. ಮೂರು ವಾರ ಅಲೆದು ಮರಳಿದ ನಾನು ಬಂದರಿನ ಬಾಗಿಲಲ್ಲೇ ಅವಸರಪಟ್ಟು ನೌಕೆಯನ್ನು ಗೋಡೆಗೆ ಬಡಿದೆನು. ಕಲೆಹಾಕಿದ ವಿವರವೆಲ್ಲ ಅಳಿಯಿತು. ಅಲ್ಲಿ ಕಂಡ ಒಂದು ನೀಲಿ ತಾರೆಯ ದಾರಿ ಮಾತ್ರ ನೆನಪಿದೆ; ನಾಳೆ ಮತ್ತೆ ಹೊರಡುವೆನು.